ಗಡುವಿನ ಟಿಕೆಟ್ಟು

ಪಂಕಜಮ್ಮನ ಪರ್ಸಿನಲ್ಲಿದ್ದ ಬಸ್ ಟಿಕೆಟ್ಟು ಪಕ್ಕದ ಬೀಗದ ಕೈಗೆ ಹೇಳಿತು: "ಗಡುವಿನೊಳಗೆ ನನ್ನನ್ನು ತೋರಿಸಿ ಯಾವ ಬಸ್ಸಾದರೂ ಹತ್ತಬಹುದು, ಮನೆಗೂ ಮರಳಬಹುದು. ಗಡುವು ಮೀರಿತೋ, ನಾನು ಬರೀ ಕಾಗದ. ಇವಳು ಬೇಗ ಏಳಬಾರದೇ?"

"ವರ್ಷಗಳ ಮುನಿಸು ಬಿಟ್ಟು ಅಕ್ಕನ ಮನೆಗೆ ಬಂದಿದ್ದಾಳೆ. ಇಬ್ಬರೂ ಅತ್ತು ಮುಗಿಸಿ ಈಗಷ್ಟೇ ನಗುತ್ತಿದ್ದಾರೆ. ಸುಮ್ಮನಿರು."

"ಹಾಗಾದರೆ ಮನೆಗೆ ಮರಳುವುದು ಹೇಗೆ?"

"ಬೀಗ ಹಾಕುವಾಗ ಪಕ್ಕದ ಮನೆಯವರಿಗೆ 'ಹೋಗ್ತೀನಿ' ಅನ್ನಲಿಲ್ಲ, 'ಹೋಗಿ ಬರ್ತೀನಿ' ಅಂದಳು. ಆ ಮಾತಿಗೆ ಗಡುವಿಲ್ಲ."

ಟಿಕೆಟ್ಟು ಗೊಣಗುತ್ತಲೇ ಇತ್ತು. ಗಡುವು ಮೀರಿತು. ಸಂಜೆಯಾದ ಮೇಲೆ ಪಂಕಜಮ್ಮ ಎದ್ದಳು. ಅಕ್ಕ ಕುಂಕುಮದ ಭರಣಿ ತಂದು ಹಣೆಗಿಟ್ಟಳು.

"ತಡಿಯೇ, ನಿನ್ನ ಸೊಸೆಗೂ ಒಂದಿಷ್ಟು ಕಟ್ಟಿಕೊಡ್ತೀನಿ. ಚೂರು ಕಾಗದ ಇದ್ಯಾ?"

ಪಂಕಜಮ್ಮ ಪರ್ಸು ತಡಕಿ ಟಿಕೆಟ್ಟು ತೆಗೆದಳು. "ತಗೋ ಅಕ್ಕ, ಇದರಲ್ಲೇ ಕಟ್ಟು. ಇದಕ್ಕಿನ್ನು ಬೇರೆ ಕೆಲಸವಿಲ್ಲ."

ಮರಳುವ ಬಸ್ಸಿನಲ್ಲಿ ಹೊಸ ಟಿಕೆಟ್ಟೊಂದು ಪರ್ಸಿನೊಳಗೆ ಬಂದು ಬಿತ್ತು. "ಸರಿಯಿರಿ, ಸರಿಯಿರಿ! ನನಗೆ ಗಡುವಿದೆ," ಎಂದಿತು.

"ನನಗೂ ಇತ್ತು," ಎಂದಿತು, ಕುಂಕುಮದ ಪೊಟ್ಟಣವಾಗಿ ಮನೆಗೆ ಹೊರಟಿದ್ದ ಹಳೆಯ ಟಿಕೆಟ್ಟು.