ಚಂಪಕ್ಕನ ರಜೆ

ಈ ಕಥೆಯನ್ನು ಮೊದಲು ಹೇಳಿದವರು ಆಸ್ಪತ್ರೆಯ ಗ್ರೇಸಿ ಸಿಸ್ಟರ್. ಡ್ಯೂಟಿ ಮುಗಿಸಿ ಬಂದು, ಊದಿದ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಹೇಳುತ್ತಿದ್ದರು.

ಏಳು ಕೆರೆ ದಾಟಿದರೆ ಒಂದು ರಾಜ್ಯ. ಅಲ್ಲೊಬ್ಬ ರಾಜ, ಹಂಪರಸ. ಅವನ ಆಸ್ಪತ್ರೆಯಲ್ಲಿ ದಾದಿಯರು ವಾರಪೂರ್ತಿ ದುಡಿಯುತ್ತಿದ್ದರು. ಒಮ್ಮೆ ಚಂಪಕ್ಕನೆಂಬ ಹಿರಿಯ ದಾದಿ ನಿಂತಲ್ಲೇ ತೂಕಡಿಸಿ, ಗಾಯಕ್ಕೆ ಹಚ್ಚುವ ಎಣ್ಣೆಯನ್ನು ಕೂಸಿಗೆ ಕುಡಿಸಲು ಹೋದಳು. ತಾಯಿ ಕಿರುಚಿದಳು, ಕೂಸು ಉಳಿಯಿತು. ರಾಜ ಬೆವತುಹೋದ. ಇನ್ನಷ್ಟು ದಾದಿಯರನ್ನು ಸೇರಿಸಿಕೊಂಡು, ಎಲ್ಲರಿಗೂ ವಾರಕ್ಕೆ ಮೂರು ದಿನ ರಜೆ ಎಂದು ಡಂಗುರ ಹೊಡೆಸಿದ.

ತಿಂಗಳು ಕಳೆಯಿತು. ಮದುವೆಯಾಗದ ದಾದಿಯರು ನಗುನಗುತ್ತಾ ಬಂದರು. ಗಂಡು ಪರಿಚಾರಕರು ಮೈಕೈ ತುಂಬಿಕೊಂಡು ಬಂದರು. ಸಂಸಾರಸ್ಥ ಹೆಂಗಸರು ಮಾತ್ರ ರಜೆ ಮುಗಿಸಿ ಬರುವಾಗ ಇನ್ನಷ್ಟು ಸೊರಗಿರುತ್ತಿದ್ದರು.

ಮಂತ್ರಿ ದುಗ್ಗಣ್ಣ, ಅವನೇ ಚಂಪಕ್ಕನ ಗಂಡ, "ನೋಡಿದಿರಾ ಪ್ರಭು? ವಿಶ್ರಾಂತಿ ಹೆಂಗಸರ ಮೈಗೆ ಒಗ್ಗೋದಿಲ್ಲ. ರಜೆ ರದ್ದು ಮಾಡಿ" ಎಂದ.

ರಜೆ ಕೊಟ್ಟರೆ ದಣಿವು ಹೆಚ್ಚುತ್ತದೆಯೇ? ರಾಜನಿಗೆ ತಲೆಬುಡ ತಿಳಿಯಲಿಲ್ಲ. ಬಳೆಗಾರನ ವೇಷ ಹಾಕಿ ಚಂಪಕ್ಕನ ರಜೆ ನೋಡಲು ಹೊರಟ.

ಮೊದಲ ದಿನ ಹೋದ. ಅಂಗಳದ ತುಂಬ ಹಪ್ಪಳ. ಇವಳ ಮನೆಯದ್ದಲ್ಲ, ಓರಗಿತ್ತಿಯ ಮನೆಯದ್ದು. "ಹೇಗೂ ಮನೇಲೇ ಇರ್ತೀಯಲ್ಲ ಅಂತ ಹಿಟ್ಟು ಕಳಿಸಿದ್ದಾರೆ" ಎಂದಳು ಚಂಪಕ್ಕ.

ಎರಡನೇ ದಿನ ಹೋದ. ನಾದಿನಿ ಬಾಣಂತನಕ್ಕೆ ಬಂದಿಳಿದಿದ್ದಳು. ಹೇಗೂ ಅತ್ತಿಗೆ ಮನೇಲೇ ಇರ್ತಾಳಲ್ಲ!

ಮೂರನೇ ದಿನ ಹೋದ. ಕೇರಿಯ ಮಂಡಿನೋವು, ಹೊಟ್ಟೆನೋವೆಲ್ಲ ಜಗಲಿಯಲ್ಲಿ ಸಾಲಾಗಿ ಕೂತಿತ್ತು. ಹೇಗೂ ದಾದಿ ಮನೇಲೇ ಇರ್ತಾಳಲ್ಲ!

ರಾಜನ ತಲೆ ಗಿರ್ರೆಂದಿತು. "ಹಾಗಾದರೆ ತಾಯಿ, ನಿನ್ನ ರಜೆ ಎಲ್ಲಿ?"

"ಅದನ್ನೇ ನಾನೂ ಹುಡುಕ್ತಿದ್ದೀನಿ ಬಳೆಗಾರಣ್ಣ. ಸಿಕ್ಕಿದರೆ ಹೇಳು."

ಮರುದಿನ ರಾಜ ಗಂಡ-ಹೆಂಡತಿ ಇಬ್ಬರನ್ನೂ ಆಸ್ಥಾನಕ್ಕೆ ಕರೆಸಿದ. "ದುಗ್ಗಣ್ಣ, ರಜೆಯಲ್ಲಿ ನಿನ್ನ ಹೆಂಡತಿ ಏನು ಮಾಡ್ತಾಳೆ?"

"ಏನೂ ಇಲ್ಲ ಪ್ರಭು. ಮನೇಲಿ ಸುಮ್ಮನೆ ಇರ್ತಾಳೆ."

ಚಂಪಕ್ಕ ಕೈಮುಗಿದಳು. "ನಿಜ ಪ್ರಭು. ಪಾಪ, ಅವರೂ ದಣಿದಿದ್ದಾರೆ. ಮುಂದಿನ ವಾರ ನನ್ನ ರಜೆಯ ದಿನಗಳಲ್ಲಿ ಅವರಿಗೂ ರಜೆ ಕೊಡಿ. ನನ್ನ ಹಾಗೇ ಅವರೂ ಸುಮ್ಮನೆ ಇರಲಿ. ನಾನು ತವರಿಗೆ ಹೋಗಿ ಬರ್ತೀನಿ."

ದುಗ್ಗಣ್ಣ ಹಿರಿಹಿರಿ ಹಿಗ್ಗಿ ಒಪ್ಪಿಕೊಂಡ.

ರಜೆಯ ಮೊದಲ ದಿನ ಬೆಳಗ್ಗೆ ಓರಗಿತ್ತಿಯ ಮನೆಯಿಂದ ಹಿಟ್ಟು ಬಂತು. ನಾದಿನಿ ಒಳಗಿನಿಂದ, "ಅಣ್ಣಾ, ಕೂಸಿಗೆ ನೀರು ಕಾಯಿಸು" ಎಂದಳು. ಮೂಲೆಯಲ್ಲಿ ಮಲಗಿದ್ದ ದುಗ್ಗಣ್ಣನ ಮುದಿ ಅವ್ವ, "ಗಂಜಿ ಎಲ್ಲೋ?" ಎಂದಳು. ಜಗಲಿಯಲ್ಲಿ ಮಂಡಿನೋವುಗಳು ಕೆಮ್ಮಿದವು. ಮಧ್ಯಾಹ್ನದೊಳಗೆ ದುಗ್ಗಣ್ಣ ಹಣೆಗೆಲ್ಲ ಹಿಟ್ಟು ಬಳಿದುಕೊಂಡು ಅರಮನೆಗೆ ಓಡಿ ಬಂದ.

"ಪ್ರಭು, ನನ್ನನ್ನು ಕೆಲಸಕ್ಕೆ ಕರೆಸಿಕೊಳ್ಳಿ! ಈ ಸುಮ್ಮನಿರೋದು ನನ್ನ ಕೈಲಿ ಆಗೋದಿಲ್ಲ!"

ರಜೆ ಉಳಿಯಿತು. ಜೊತೆಗೆ ಇನ್ನೊಂದು ಡಂಗುರವೂ ಆಯಿತು: ದಾದಿಯ ರಜೆಯ ದಿನ ಒಲೆ ಹೊತ್ತಿಸುವುದು, ಹಿರಿಯರನ್ನು ನೋಡಿಕೊಳ್ಳುವುದು ಮನೆಯ ಗಂಡಸರ ಪಾಲು. ಮುಂದಿನ ರಜೆಯಲ್ಲಿ ಚಂಪಕ್ಕ ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿದಳು. ಇಷ್ಟು ಸುಲಭದ ವಿಷಯ ತನಗೇಕೆ ಹೊಳೆಯಲಿಲ್ಲವೋ, ಪಾಪ, ರಾಜನಿಗೆ ಇವತ್ತಿಗೂ ಅರ್ಥವಾಗಿಲ್ಲ.

ದುಡಿಯುವ ಹೆಂಗಸಿಗೆ ರಜೆ ಕೊಟ್ಟರೆ ಅರ್ಧ ನ್ಯಾಯ. ಮನೆಯವರೂ ಕೆಲಸ ಹಂಚಿಕೊಂಡರೆ ಪೂರ್ತಿ ನ್ಯಾಯ. ನೀತಿ ಇಷ್ಟೇ.

ಕೇಳಿದ್ದಾಯಿತಲ್ಲ, ಇನ್ನು ನೀವೂ ಒಬ್ಬರಿಗೆ ದಾಟಿಸಿ. ದಾದಿಯರಿಗೆ ಬೇಡ, ಅವರಿಗೆ ಗೊತ್ತಿದೆ. ಅವರ ಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತಿರುತ್ತಾರಲ್ಲ, ಅವರಿಗೆ ಹೇಳಿ.