ಮಗುಚಿ ಹಾಕಿದ ಆಣೆಗಲ್ಲು

"ಕೇಳಿರಪ್ಪೋ ಕೇಳಿ! ಕಡಗಲ್ಲು ಸೀಮೆಯ ದೊರೆ ರಣಪ್ಪನಾಯಕರು ಮೂರು ಒಗಟು ಇಡುತ್ತಾರೆ. ಬಿಡಿಸಿದವನಿಗೆ ಕೇಳಿದ್ದು ಕೊಡುತ್ತಾರೆ. ತಪ್ಪಿದವನ ತಲೆ ಆಣೆಗಲ್ಲಿನ ಮೇಲೆ!" ಎಂದು ಡಂಗುರ ಬಿತ್ತು.

ಆಣೆಗಲ್ಲೆಂದರೆ ಅರಮನೆ ಅಂಗಳದ ಹಾಸುಗಲ್ಲು. ಪಟ್ಟವೇರುವ ದೊರೆಯಿಂದ ಹಿಡಿದು ಕತ್ತಿಯಾಳಿನವರೆಗೆ ಎಲ್ಲರೂ ಅದನ್ನು ಮುಟ್ಟಿ "ಕಲ್ಲು ಹೇಳಿದಂತೆ ನಡೆಯುತ್ತೇನೆ" ಎಂದು ಆಣೆ ಮಾಡುವುದು ಆ ಸೀಮೆಯ ಪದ್ಧತಿ. ಕಲ್ಲು ಏನು ಹೇಳುತ್ತದೆಂದು ಮಾತ್ರ ಯಾರೂ ಕೇಳಿರಲಿಲ್ಲ, ಅದರ ಮೈ ಬೋಳು. ಆಣೆಯಿಟ್ಟ ಕಲ್ಲಿನ ಮೇಲೆಯೇ ತಲೆ ಕಡಿಸುತ್ತಿದ್ದ ಈ ರಣಪ್ಪನಾಯಕ. ಎಂಥ ಮನುಷ್ಯ ನೋಡಿ!

ರಕ್ತ ತೊಳೆಯುವ ಕೆಲಸ ಜವರನದು. ಮೇಲೆ ನೀರು ಸುರಿದು ಹೋಗೆಂದು ಅಪ್ಪಣೆ. ಆದರೆ ರಕ್ತ ಅಡಿಗಿಳಿದು ಇರುವೆ ಮುತ್ತುವುದನ್ನು ಅವನಿಗೆ ನೋಡಲಾಗುತ್ತಿರಲಿಲ್ಲ. ಹಾರೆಯಿಂದ ಕಲ್ಲು ಮೀಟಿ ಅಡಿಮೈಯನ್ನೂ ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದ. ಅವನ ಅಪ್ಪ ಶಾಸನ ಕೆತ್ತುತ್ತಿದ್ದವನು, ಮಗನಿಗೆ ಅಕ್ಷರ ಕಲಿಸಿದ್ದ. ಅಡಿಯಲ್ಲಿ ಕಂಡದ್ದನ್ನು ಜವರ ಯಾರಿಗೂ ಹೇಳಿರಲಿಲ್ಲ. ಜೀವಭಯ ಯಾರಿಗಿಲ್ಲ?

ಹೋದ ತಿಂಗಳು ಅವನು ತೊಳೆದದ್ದು ತಂಗಿಯ ಗಂಡ ಮಾದನ ರಕ್ತ. ಮಾದ ಅರಮನೆಯ ಕೊಳದಲ್ಲಿ ಒಂದು ಬೊಗಸೆ ನೀರು ಕುಡಿದಿದ್ದ, ಅಷ್ಟೆ. ತಂಗಿ ದ್ಯಾವಿ ಸಂತೆಯ ನಡುವೆ ನಿಂತು "ಯಾಕೆ ಕೊಂದಿರಿ?" ಎಂದು ಕೇಳಿದಳು. ಅವಳನ್ನೂ ಸೆರೆಗೆ ತಳ್ಳಿದರು. ಹುಣ್ಣಿಮೆಗೆ ಅವಳ ಸರದಿ.

ಒಗಟಿನ ದಿನ ಊರೆಲ್ಲ ಅಂಗಳದಲ್ಲಿ ಸೇರಿತು. ಮೊದಲು ಬಂದವನು ಆಸ್ಥಾನದ ಪಂಡಿತ.

"ಸಿಂಹಾಸನದಲ್ಲಿ ಕೂತವನಿಗೂ ಅದರ ಕೆಳಗೆ ಕಸ ಗುಡಿಸುವವನಿಗೂ ಒಂದೇ ಅಳತೆಯಲ್ಲಿ ಸಲ್ಲಬೇಕಾದ್ದು ಯಾವುದು?" ಎಂದು ದೊರೆ ಕೇಳಿದ.

"ಸಾವು, ಮಹಾಪ್ರಭು!"

"ನೀನು ಈಗ ಸಾಯುತ್ತೀಯೆ, ನಾನು ಊಟಕ್ಕೆ ಹೋಗುತ್ತೇನೆ. ಒಂದೇ ಅಳತೆ ಎಲ್ಲಿ ಬಂತು?" ಎಂದು ದೊರೆ ಕೈಸನ್ನೆ ಮಾಡಿದ. ಕತ್ತಿಯಾಳು ಬೊಮ್ಮ ಕಡಿದ. ಜವರ ನೀರು ತಂದು ತೊಳೆದ.

ಆಮೇಲೆ ಬಂದ ದಳವಾಯಿಯ ಮಗ "ಮೊದಲನೆಯದು ಬೇಡ, ಎರಡನೆಯದು ಕೇಳಿ" ಎಂದ. ದೊರೆಗೆ ಖುಷಿಯಾಯಿತು.

"ಅದಕ್ಕೆ ಕತ್ತಿಯಿಲ್ಲ, ಕುದುರೆಯಿಲ್ಲ. ಬಡವನ ಬಾಯಿಂದ ಹೊರಟರೂ ದೊರೆಯ ಎದೆ ನಡುಗುತ್ತದೆ. ಏನದು?"

"ಶಾಪ!"

"ಹಾಗಾದರೆ ಶಪಿಸು, ನೋಡೋಣ."

ಪಾಪ, ಹುಡುಗ ಅಳುತ್ತಲೇ ಶಪಿಸಿದ. ತಲೆ ಬಿತ್ತು. ದೊರೆ ವೀಳ್ಯ ಹಾಕಿಕೊಂಡು, ಜಗಿದು ಮುಗಿಯುವವರೆಗೂ ಕಾದ. "ಏನೂ ಆಗಲಿಲ್ಲವಲ್ಲ!" ಎಂದು ನಕ್ಕ. ಮಗನನ್ನು ಕಳೆದುಕೊಂಡ ದಳವಾಯಿಯೂ ನಗಬೇಕಾಯಿತು.

ಜವರ ನಾರು ಕೆಳಗಿಟ್ಟ. "ನಾನು ಹೇಳ್ತೀನಿ ಬುದ್ಧಿ. ನನ್ನ ತಂಗೀನ ಬಿಡಬೇಕು."

"ನೀನೂ ಸತ್ತರೆ ತೊಳೆಯೋರು ಯಾರೋ?" ಎಂದು ದೊರೆ ಗಹಗಹಿಸಿದ. "ಮೂರನೆಯದೂ ಕೇಳಿಕೋ. ಯಾವ ದೊರೆಯೂ ಕೊಟ್ಟದ್ದಲ್ಲ, ಹುಟ್ಟುವಾಗಲೇ ಬಂದದ್ದು. ನಾನು ನಿನ್ನನ್ನು ಕೊಲ್ಲಬಹುದು, ಅದನ್ನು ಕೊಲ್ಲಲಾರೆ. ಏನದು?"

"ಎಲ್ಲರಿಗೂ ಒಂದೇ ಅಳತೆಯಲ್ಲಿ ಸಲ್ಲಬೇಕಾದ್ದು ಕಟ್ಟಳೆ. ನಿಮ್ಮ ಎದೆ ನಡುಗಿಸೋದು 'ಯಾಕೆ' ಅನ್ನೋ ಮಾತು. ನನ್ನ ತಂಗಿ ಕೇಳಿದ್ದು ಅದನ್ನೇ. ಹುಟ್ಟುವಾಗಲೇ ಬಂದದ್ದು ಬದುಕೋ ಹಕ್ಕು. ನಾನು ಸತ್ತರೂ ಇಲ್ಲಿ ನಿಂತವರಿಗೆಲ್ಲ ಅದು ಇದ್ದೇ ಇರುತ್ತೆ ಬುದ್ಧಿ."

ದೊರೆಯ ಮುಖ ಕಪ್ಪಿಟ್ಟಿತು. "ತಪ್ಪು! ಮೂರೂ ತಪ್ಪು! ಬೊಮ್ಮಾ, ಕಡಿ!"

ಮೂರೂ ಸರಿಯೆಂದು ದೊರೆಗೆ ಗೊತ್ತಿತ್ತು. ಈ ಮಾತುಗಳು ಇನ್ನೂ ಯಾರ ನೆನಪಿನಲ್ಲಿವೆಯೋ ಅವರನ್ನು ಹುಡುಕಿ ಮುಗಿಸಲೆಂದೇ ಆ ಪಾಪಿ ಒಗಟು ಹೂಡಿದ್ದ.

"ಸರಿಯೋ ತಪ್ಪೋ ಕಲ್ಲೇ ಹೇಳಲಿ" ಎಂದ ಜವರ ಹಾರೆ ಹಾಕಿ ಮೀಟಿ ಕಲ್ಲನ್ನು ಮಗುಚಿಬಿಟ್ಟ. ಅಡಿಮೈ ಮೇಲಾಯಿತು. ಅಕ್ಷರ ಬಲ್ಲ ಮುದುಕನೊಬ್ಬ ಬಗ್ಗಿ ಎಲ್ಲರಿಗೂ ಕೇಳುವಂತೆ ಓದಿದ:

"ಅರಮನೆಗೂ ಹಟ್ಟಿಗೂ ಕಟ್ಟಳೆ ಒಂದೇ. ಯಾಕೆ ಎಂದು ಕೇಳಿದ ಬಾಯಿಯನ್ನು ಯಾರೂ ಮುಚ್ಚಿಸಬಾರದು. ಬದುಕು ಹುಟ್ಟಿನಿಂದ ಬಂದ ಹಕ್ಕು, ವಿಚಾರಿಸದೆ ಯಾರ ಜೀವವನ್ನೂ ತೆಗೆಯಬಾರದು."

ಕೆಳಗೆ ದೊರೆಯ ಅಜ್ಜನ ಮುದ್ರೆಯಿತ್ತು. ಕಲ್ಲನ್ನು ಮಗುಚಿ ಹಾಕಿಸಿದವನು ದೊರೆಯ ಅಪ್ಪ.

"ನಾನು ಆಣೆ ಮಾಡಿದ್ದು ಇದರ ಮೇಲಾ? ಅಯ್ಯೋ, ಎಷ್ಟು ಜನರನ್ನು ಕಡಿದೆನಪ್ಪಾ!" ಬೊಮ್ಮ ಕತ್ತಿ ಬಿಸಾಕಿದ. ಕಾವಲಿನವರೂ ಅದೇ ಆಣೆ ಮಾಡಿದವರು, ಒಬ್ಬನೂ ದೊರೆಯ ನೆರವಿಗೆ ಬರಲಿಲ್ಲ. ದಳವಾಯಿಯೇ ದೊರೆಯ ಜುಟ್ಟು ಹಿಡಿದು ಎಳೆತಂದು ಕಲ್ಲಿಗೆ ಕೆಡವಿದ. ಯಾರೋ ಓಡಿಹೋಗಿ ದ್ಯಾವಿಯನ್ನು ಸೆರೆಯಿಂದ ಕರೆತಂದರು.

"ಅಣ್ಣಾ, ಬೊಮ್ಮನಿಗೆ ಕತ್ತಿ ಕೊಡು" ಎಂದಳು ಅವಳು. "ನನ್ನ ಗಂಡನ ತಲೆ ಬಿದ್ದ ಜಾಗದಲ್ಲೇ ಇವನದೂ ಬೀಳಲಿ."

ಜನ ಹೋ ಎಂದಿತು. ಜವರನಿಗೂ ಅದೇ ಆಸೆ, ಕೈ ತುರಿಸುತ್ತಿತ್ತು. ಆದರೂ ಅವನು ಕತ್ತಿಯ ಮೇಲೆ ಕಾಲಿಟ್ಟು ನಿಂತ.

"ಕಲ್ಲಿನ ಮೂರನೇ ಸಾಲು ಇವನಿಗೂ ಉಂಟು ಕಣವ್ವಾ. ವಿಚಾರಿಸದೆ ಕೊಲ್ಲಂಗಿಲ್ಲ."

"ಥೂ! ನಿನ್ನ ಕಲ್ಲಿಗೆ ಬೆಂಕಿ ಹಾಕ! ಮಾದನನ್ನ ಯಾರು ವಿಚಾರಿಸಿದ್ರು?"

"ಯಾರೂ ವಿಚಾರಿಸಲಿಲ್ಲ" ಎಂದು ಜವರ ಅತ್ತುಬಿಟ್ಟ. "ಅದಕ್ಕೇ ಕಣವ್ವಾ. ವಿಚಾರಣೆ ನಿನ್ನಿಂದಲೇ ಶುರುವಾಗಲಿ. ಕೇಳು ಇವನನ್ನ."

ದ್ಯಾವಿ ದೊರೆಯ ಮುಂದೆ ನೆಲದ ಮೇಲೆ ಕುಳಿತಳು.

"ಒಂದು ಬೊಗಸೆ ನೀರು ಕುಡಿದಿದ್ದ" ಎಂದಳು. "ಯಾಕೆ ಕೊಂದೆ?"

ರಣಪ್ಪನಾಯಕ ಬಾಯಿ ತೆರೆದ, ಮುಚ್ಚಿದ. ಉತ್ತರ ಬರುವವರೆಗೂ ಏಳೆನೆಂದು ದ್ಯಾವಿ ಅಲ್ಲೇ ಕೂತಿದ್ದಳು.