ಬಿಸಿಲೂರಿಗೆ ಬಂದ ಹಿಮದ ಆಡು

ಗದ್ದಲ ಮಾಡದೆ ಕೇಳಿ ಮಕ್ಕಳೇ. ಬಿಸಿಲೂರು ಎಂಬ ರಾಜ್ಯದಲ್ಲಿ ಒಬ್ಬ ರಾಜನಿದ್ದ. ಹಿಮದ ನಾಡಿನ ದೊರೆ ಅವನಿಗೆ ಒಂದು ಆಡನ್ನು ಕಾಣಿಕೆ ಕಳಿಸಿದ. ಬೆಳ್ಳನೆಯ ಆಡು, ಮೊಣಕಾಲಿನವರೆಗೂ ಉಣ್ಣೆ. ಅದನ್ನು ಸಾಕಲು ರಾಜ ಹಾಲವ್ವ ಎಂಬ ಮುದುಕಿಯನ್ನು ನೇಮಿಸಿದ.

ಅರಮನೆಯ ಕೊಟ್ಟಿಗೆಗೆಲ್ಲ ಮಲ್ಲರಸ ಎಂಬವನು ಅಧಿಕಾರಿ. ಹಾಲವ್ವನ ಕೆಲಸ ತನ್ನ ಬಾಮೈದನಿಗೆ ಸಿಗಲಿಲ್ಲವೆಂದು ಅವನಿಗೆ ಹೊಟ್ಟೆಯುರಿ.

ಮೊದಲ ತಿಂಗಳು ಆಡು ಹಗಲೆಲ್ಲ ನೆರಳಲ್ಲಿ ಮಲಗಿ, ಬಿಸಿಲು ಇಳಿದ ಮೇಲೆ ಮೇಯತೊಡಗಿತು. ಮಲ್ಲರಸ ರಾಜನ ಬಳಿ ಓಡಿದ. "ಮಹಾಸ್ವಾಮಿ, ಆಡಿನ ನಡತೆ ಬೇರೆಯಾಗಿದೆ." ರಾಜ ಕೈಬೀಸಿ ಅವನನ್ನು ಕಳಿಸಿಬಿಟ್ಟ.

ಎರಡನೆಯ ತಿಂಗಳು ಆಡು ಹಸಿ ಹುಲ್ಲು ಬಿಟ್ಟು ಜಾಲಿಯ ಕಾಯಿ ಅಗಿಯಿತು. ಮಲ್ಲರಸ ಮತ್ತೆ ಓಡಿದ. "ಮಹಾಸ್ವಾಮಿ, ಆಡಿನ ಬಾಯಿರುಚಿಯೂ ಬೇರೆ." ರಾಜ ಹುಬ್ಬು ಗಂಟಿಕ್ಕಿದ.

ಮೂರನೆಯ ತಿಂಗಳು ಉಣ್ಣೆಯೆಲ್ಲ ಉದುರಿತು. ಈ ಸಲ ಮಲ್ಲರಸ ಕೂಗಿಕೊಂಡೇ ಓಡಿದ. "ಮುದುಕಿ ಕಾಣಿಕೆಯ ಆಡನ್ನು ಮಾರಿ, ಊರಾಡನ್ನು ತಂದು ಕಟ್ಟಿದ್ದಾಳೆ! ಗಡಿಪಾರು ಮಾಡಿ!"

ರಾಜ ಹಾಲವ್ವನನ್ನು ಕರೆಸಿದ.

"ಆಡು ಅದೇ, ದೊರೆಯೇ. ಬಿಸಿಲು ಮಾತ್ರ ಅದಕ್ಕೆ ಹೊಸದು. ಬದುಕಬೇಕಲ್ಲ, ಹೊಂದಿಕೊಂಡಿದೆ."

"ಸಾಬೀತು ಮಾಡು. ಆಗದಿದ್ದರೆ ನಾಡು ಬಿಡು."

"ಹಾಗಾದರೆ ಆಡನ್ನು ಮಂಜಿನ ಬೆಟ್ಟದ ಕೋಟೆಗೆ ಕಳಿಸಿ. ನಾನು ಇಲ್ಲೇ ನಿಮ್ಮ ಕಣ್ಣೆದುರೇ ಇರ್ತೀನಿ. ಮಲ್ಲರಸರೇ ಕಾಯಲಿ. ಮೂರು ತಿಂಗಳು ಕಳೀಲಿ, ಹೋಗಿ ನೋಡೋಣ."

ಮಲ್ಲರಸ ನಕ್ಕ. "ಊರಾಡಿಗೆ ಉಣ್ಣೆ ಬರೋ ಹೊತ್ತಿಗೆ ನೀನು ಗಡಿ ದಾಟಿರ್ತೀಯಮ್ಮ. ಈಗಲೇ ಬುತ್ತಿ ಕಟ್ಟಿಕೋ."

ಮೂರು ತಿಂಗಳು ಕಳೆಯಿತು. ರಾಜ ಹಾಲವ್ವನನ್ನು ಕರೆದುಕೊಂಡು ಬೆಟ್ಟ ಹತ್ತಿದ. ಕೋಟೆಯ ಬಾಗಿಲಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡ ಒಬ್ಬ ಗಡ್ಡದವನು ಬೆಂಕಿ ಕಾಯಿಸಿಕೊಳ್ಳುತ್ತಾ ಬಿಸಿ ಗಂಜಿ ಕುಡಿಯುತ್ತಿದ್ದ. ಪಕ್ಕದಲ್ಲಿ ಆಡು. ಮೈತುಂಬ ಹೊಸ ಉಣ್ಣೆ.

"ಮಹಾಸ್ವಾಮಿ, ಇದು ಆ ಆಡಲ್ಲ! ಯಾರೋ ಬದಲಾಯಿಸಿದ್ದಾರೆ!" ಎಂದು ಗಡ್ಡದವನು ಎದ್ದು ಬಂದ.

"ಯಾರಪ್ಪಾ ನೀನು?" ಎಂದಳು ಹಾಲವ್ವ.

"ನಾನು ಮಲ್ಲರಸ!"

"ಸುಳ್ಳು. ನಮ್ಮ ಮಲ್ಲರಸರು ತೆಳು ಅಂಗಿ ತೊಡೋರು. ದಿನಾ ಕ್ಷೌರ ಮಾಡಿಸೋರು. ತಣ್ಣಗಿನ ಮಜ್ಜಿಗೆ ಬಿಟ್ಟು ಬೇರೇನೂ ಕುಡೀತಿರಲಿಲ್ಲ. ದೊರೆಯೇ, ಇವನು ನಮ್ಮ ಅಧಿಕಾರಿಯನ್ನು ಎಲ್ಲೋ ಮಾರಿ, ಅವರ ಜಾಗದಲ್ಲಿ ಬಂದು ಕೂತಿದ್ದಾನೆ. ಗಡಿಪಾರು ಮಾಡಿ."

"ಏ ಮುದುಕಿ, ತಲೆ ಕೆಟ್ಟಿದೆಯಾ? ಈ ಚಳಿಗೆ ಕಂಬಳಿ ಹೊದೆಯದಿದ್ದರೆ ಸಾಯ್ತೀನಿ. ಗಡ್ಡ ಬಿಟ್ಟು ಗಂಜಿ ಕುಡಿದ ಮಾತ್ರಕ್ಕೆ ನಾನು ಬೇರೆಯವನಾಗಿಬಿಡ್ತೀನಾ?"

ಹೇಳಿದವನೇ ತುಟಿ ಕಚ್ಚಿಕೊಂಡ. ಆಡಿದ ಮಾತು ಆಡಿಯಾಗಿತ್ತು.

ರಾಜ ನಗಲಿಲ್ಲ. "ಆಡಿನ ಪರವಾಗಿ ನೀನೇ ಸಾಕ್ಷಿ ಹೇಳಿದೆ, ಮಲ್ಲರಸ. ಅವಳಿಗೆ ನೀನು ಬೇಡಿದ ಶಿಕ್ಷೆ ನಿನಗೇ ಇರಲಿ. ಗಡಿಯಾಚೆಯ ನೆಲ ಹೊಸದು, ನೀರು ಹೊಸದು. ಹೊಂದಿಕೊಳ್ಳುವುದು ನಿನಗೂ ಬರುತ್ತದಲ್ಲ, ಹೊರಡು."

ನೀತಿ ಇಷ್ಟೇ, ನೆನಪಿಡಿ. ಇರುವ ನೆಲಕ್ಕೂ ಬೀಸುವ ಗಾಳಿಗೂ ತಕ್ಕಂತೆ ಬದಲಾಗುವ ಜೀವ ಮೋಸ ಮಾಡುತ್ತಿಲ್ಲ, ಬದುಕುತ್ತಿದೆ. ತನಗೊಂದು ಅಳತೆ, ಪರರಿಗೊಂದು ಅಳತೆ ಇಟ್ಟುಕೊಂಡವನೇ ಮೋಸಗಾರ.